ದನಿ ಕೇಳತಾವೇನ್ರಿ?

...ಅಥವಾ ಗಂಗವ್ವ ಕಟ್ಟೆಯ ಮೇಲೆ ಕೂತಿರಲೇ ಇಲ್ಲವೇನೋ. ನನ್ನ ನೆನಪಿನಲ್ಲಿ ಆಕೆ ಕಟ್ಟೆಯ ಮೇಲೆ, ಎಡಗೈ ಮೊಣಕಾಲಿನ ಮೇಲಿಟ್ಟು, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಕೂತಿದ್ದಾಳೆ. ಆದರೆ ಅಂದಿನ ಧ್ವನಿಮುದ್ರಣದಲ್ಲಿ ಮೊದಲಿನಿಂದಲೂ ರೊಟ್ಟಿ ಬಡಿಯುವ ಸಪ್ಪಳವಿದೆ. ರೊಟ್ಟಿ ಬಡಿಯುವವಳು ಒಲೆಯ ಮುಂದಿರಬೇಕು, ಒಳಗೆ, ಹೊಗೆಯಲ್ಲಿ. ಎರಡರಲ್ಲಿ ಒಂದು ಸುಳ್ಳು. ಯಂತ್ರ ಸುಳ್ಳು ಹೇಳುವುದಿಲ್ಲ ಎಂದುಕೊಂಡು ಸುಮ್ಮನಾಗಬಹುದಿತ್ತು, ಆದರೆ ನನಗೆ ಬೇಕಾದ ನಾಲ್ಕು ನಿಮಿಷವನ್ನು ನುಂಗಿ ಕೂತಿರುವುದೂ ಅದೇ ಯಂತ್ರ. ಇದನ್ನು ಬರೆಯಲು ಇಷ್ಟು ದಿನ ಹಿಡಿದದ್ದು ಅದಕ್ಕೇ.

ಗಂಗವ್ವ ಆಕೆಯ ನಿಜವಾದ ಹೆಸರಲ್ಲ. ಊರು ಚಚಡಿಯಿಂದ ಬಹಳ ದೂರವಿಲ್ಲ ಎಂದಷ್ಟೇ ಹೇಳಬಲ್ಲೆ. ನಾನು ಬೈಲಹೊಂಗಲದವಳು. ಬೆಳಿಗ್ಗೆ ಕಾಲೇಜಿನಲ್ಲಿ ಮನಶ್ಶಾಸ್ತ್ರ ಕಲಿಸುತ್ತೇನೆ, ಮಧ್ಯಾಹ್ನದ ಮೇಲೆ ಒಂದು ಸಣ್ಣ ಕೋಣೆಯಲ್ಲಿ ಕೂತು ಬಂದವರ ಮಾತು ಕೇಳುತ್ತೇನೆ. ಫಲಕದ ಮೇಲೆ ಆಪ್ತಸಮಾಲೋಚಕಿ ಎಂದಿದೆ, ಜನ ಅಕ್ಕಾರ ಅನ್ನುತ್ತಾರೆ. ಈ ಕಡೆ ಕಲಿಸುವ ಹೆಂಗಸರಿಗೆಲ್ಲ ಅದೇ ಹೆಸರು. ಆಗ ಪಿಎಚ್.ಡಿ.ಗಾಗಿ ಕಿತ್ತೂರು, ಸಂಪಗಾಂವ, ಮುರಗೋಡದ ಸುತ್ತಲಿನ ಹಳ್ಳಿಗಳಲ್ಲಿ ಹೆಂಗಸರನ್ನು ಸಂದರ್ಶಿಸುತ್ತಿದ್ದೆ. ಮನಸ್ಸಿನ ಸಂಕಟವನ್ನು ಅವರು ಯಾವ ಮಾತಿನಲ್ಲಿ ಹೇಳುತ್ತಾರೆ ಎಂಬುದು ನನ್ನ ವಿಷಯ.

ಪ್ರಶ್ನಾವಳಿ ಇಂಗ್ಲಿಷಿನದು, ಕನ್ನಡಕ್ಕೆ ತಂದವಳು ನಾನು. ಹದಿನಾಲ್ಕನೆಯ ಪ್ರಶ್ನೆ: ‘ಯಾರೂ ಇಲ್ಲದಾಗ ನಿಮಗೆ ದನಿಗಳು ಕೇಳುತ್ತವೆಯೆ?’ ಇಬ್ಬರು ತಜ್ಞರು ನೋಡಿದರು. ಮತ್ತೊಬ್ಬರು ಅದನ್ನು ತಿರುಗಿ ಇಂಗ್ಲಿಷಿಗೆ ಮಾಡಿ ಮೂಲದ ಜೊತೆ ತಾಳೆ ನೋಡಿದರು. ಯಾರಿಗೂ ತಪ್ಪು ಕಾಣಲಿಲ್ಲ. ಗಂಗವ್ವನಿಗೆ ಅದನ್ನು ಊರ ಮಾತಿನಲ್ಲಿ ಕೇಳಿದೆ.

“ಯಾರೂ ಇಲ್ಲದಾಗ ದನಿ ಕೇಳತಾವೇನ್ರಿ?”

“ಕೇಳತಾವ್ರಿ ಅಕ್ಕಾರ.”

“ಏನ್ ಕೇಳತಾವ?”

“‘ಬಾಗಲಾ ಹಾಕಲೇನವಾ?’ ಅಂತ ಕೇಳತಾವ.”

ನಮ್ಮಲ್ಲಿ ಕೇಳುವುದೆಂದರೆ ಕಿವಿಗೆ ಬೀಳುವುದೂ ಹೌದು, ಪ್ರಶ್ನೆ ಹಾಕುವುದೂ ಹೌದು. ನಾನು ಕಿವಿಯ ಸುದ್ದಿ ಎತ್ತಿದ್ದೆ. ಆಕೆ ಪ್ರಶ್ನೆಯ ಸುದ್ದಿ ಹೇಳಿದಳು. ಮೂವರು ತಜ್ಞರಿಗೆ ಕಾಣದ ತಪ್ಪು ಒಂದು ರೊಟ್ಟಿಯ ಮುಂದೆ ಹೊರಬಿತ್ತೆಂದು ನನಗೆ ಖುಷಿಯೇ ಆಯಿತು.

“ನೀವೇನಂತೀರಿ ಅದಕ್ಕ?”

“ಬ್ಯಾಡ ಅಂತೇನಿ.”

“ಒಂದಿನ ಹೂಂ ಅಂದ್ರ?”

“ಅಂದ್ ನೋಡಿಲ್ಲ. ನೀವ ಕಲತಾರು, ನೀವ ಹೇಳ್ರಿ,” ಎಂದು ಆಕೆ ನಕ್ಕಳು.

ಮೇಲಿನ ಮಾತುಗಳಲ್ಲಿ ಮೊದಲ ಎರಡು ಸಾಲು ಮಾತ್ರ ಧ್ವನಿಮುದ್ರಣದಲ್ಲಿವೆ. ‘ಕೇಳತಾವ್ರಿ ಅಕ್ಕಾರ’ ಎಂದು ಆಕೆ ಅನ್ನುವುದಕ್ಕೂ ಕರೆಂಟು ಬರುವುದಕ್ಕೂ ಸರಿಹೋಯಿತು, ಪಕ್ಕದ ಮನೆಯ ಹಿಟ್ಟಿನ ಗಿರಣಿ ಶುರುವಾಯಿತು. ಮುಂದಿನ ನಾಲ್ಕು ನಿಮಿಷ ಬರೀ ಗಿರಣಿ. ಅದು ನಿಂತಾಗ ಗಂಗವ್ವ ಸೊಸೆಯ ತವರಿನ ಸುದ್ದಿ ಹೇಳುತ್ತಿದ್ದಾಳೆ. ಉಳಿದದ್ದನ್ನು ನಾನು ಮನೆಗೆ ಬಂದು ನೆನಪಿನಿಂದ ಬರೆದುಕೊಂಡೆ. ಆಗ ನನ್ನ ನೆನಪಿನ ಬಗ್ಗೆ ನನಗೆ ದೂರಿರಲಿಲ್ಲ.

ಎಷ್ಟು ವಾರ ಕಳೆದಿತ್ತೋ ಸರಿಯಾಗಿ ಹೇಳಲಾರೆ. ನಮ್ಮ ಮನೆಯಲ್ಲಿ ಮೂವರು: ಬೀಜದ ಅಂಗಡಿಯ ಅಣ್ಣ, ಅವನ ಹೆಂಡತಿ ವೈನಿ, ನಾನು. ಕಾಲೇಜಿಗೆ ರಜೆ ಇದ್ದ ದಿನ, ಹನ್ನೊಂದರ ಹೊತ್ತು, ಹೆಡ್‌ಫೋನು ಹಾಕಿಕೊಂಡು ಸಂದರ್ಶನಗಳನ್ನು ಅಕ್ಷರಕ್ಕಿಳಿಸುತ್ತಿದ್ದೆ. ಒಂದು ಕಡತ ಮುಗಿಸಿ ಹೆಡ್‌ಫೋನು ತೆಗೆದಾಗ ಹಿಂದಿನಿಂದ ಯಾರೋ ಕೇಳಿದರು.

“ಬಾಗಲಾ ಹಾಕಲೇನ್ರಿ?”

“ಬ್ಯಾಡ ಬಿಡ್ರಿ ವೈನಿ, ಗಾಳಿ ಬರ್ಲಿ,” ಎಂದೆ, ತಿರುಗಿ ನೋಡದೆ.

ಅರ್ಧ ಗಂಟೆಯ ಮೇಲೆ ವೈನಿ ಹೊರಗಿನಿಂದ ಬಂದರು. ಹೊಲಿಗೆ ಕ್ಲಾಸಿಗೆ ಹೋಗಿದ್ದರಂತೆ, ಹತ್ತಕ್ಕೇ ಹೋಗಿದ್ದರಂತೆ. “ಬಾಗಲಾ ಹಾರ ಹೊಡದು ಕುಂತಿಯಲ್ಲ, ನಾಯಿ ಬಂದಿದ್ರ?” ಎಂದರು.

ಆ ದನಿ ಹೆದರಿಸುವಂಥದ್ದಾಗಿರಲಿಲ್ಲ. ಮರ್ಯಾದೆಯ ದನಿ. ಗಂಡಸಿನದೋ ಹೆಂಗಸಿನದೋ ಎಂದು ಆಗಲೂ ತಿಳಿಯಲಿಲ್ಲ, ಈಗಲೂ ಇಲ್ಲ. ಗಂಗವ್ವನಿಗೆ ‘ಹಾಕಲೇನವಾ’ ಅನ್ನುತ್ತಿದ್ದದ್ದು ನನಗೆ ‘ಹಾಕಲೇನ್ರಿ’ ಅಂದಿತು. ನಾನು ಅಕ್ಕಾರ ಎಂಬುದು ಅದಕ್ಕೆ ಗೊತ್ತಿದೆ ಎಂದುಕೊಂಡೆ. ಈ ಲೆಕ್ಕ ಹಾಕುವಾಗ ನನಗೆ ನಗು ಬಂದಿತ್ತು ಎಂದು ಬರೆಯಬೇಕೆನಿಸುತ್ತದೆ. ಬಂದಿರಲಿಲ್ಲ ಅಂತ ಕಾಣುತ್ತದೆ.

ಆಮೇಲೆ ಅದು ದಿನಾ ಬಂತು, ಹಗಲಿನಲ್ಲೇ, ಮನೆ ಖಾಲಿಯಾದಾಗ. ನಾನು ದಿನಾ ಬ್ಯಾಡ ಅಂದೆ. ಬರಬರುತ್ತ ಅದು ಕೇಳುವ ಮೊದಲೇ ಹೇಳತೊಡಗಿದೆ. ಅನ್ನ ರುಚಿ ಕಳೆದುಕೊಂಡಿತು, ತಲೆ ಬಾಚುವುದು ಗುಡ್ಡ ಹತ್ತುವಷ್ಟು ಕಷ್ಟವಾಯಿತು. ಕುರ್ಚಿಯನ್ನು ಬಾಗಿಲಿಗೆ ಎದುರಾಗಿ ಹಾಕಿಕೊಂಡು ಕೂಡುತ್ತಿದ್ದೆ. ದನಿಗೆ ಹೆದರುತ್ತಿರಲಿಲ್ಲ. ಬೇಸರವಾಗಿ ಒಂದು ದಿನ ನಾನೇ ಹೂಂ ಅಂದುಬಿಟ್ಟರೆ ಎಂದು ಹೆದರುತ್ತಿದ್ದೆ. ಇಷ್ಟೆಲ್ಲ ನಡೆದಿರುವಾಗ ಮಧ್ಯಾಹ್ನ ಆ ಸಣ್ಣ ಕೋಣೆಗೆ ಹೋಗಿ, ಮಂದಿಯ ಎದುರು ಕೂತು, “ಹೇಳ್ರಿ, ಕೇಳಾಕತ್ತೇನಿ” ಅನ್ನುತ್ತಿದ್ದೆ. ಇದನ್ನು ಬರೆಯುವಾಗ ಈಗಲೂ ಕೈ ನಿಲ್ಲುತ್ತದೆ.

ಧಾರವಾಡದಲ್ಲಿರುವ ನನ್ನ ಮಾರ್ಗದರ್ಶಕರನ್ನು ಇಲ್ಲಿ ಸರ್ ಎಂದಷ್ಟೇ ಕರೆಯುತ್ತೇನೆ. ಅವರದೊಂದು ಪದ್ಧತಿ. ನಾವು ಇಳಿಸಿದ ಬರಹದಲ್ಲಿ ಕೆಲವನ್ನು ಆರಿಸಿ, ಬೇರೆ ವಿದ್ಯಾರ್ಥಿಯ ಕೈಯಲ್ಲಿ ಧ್ವನಿಗೂ ಅಕ್ಷರಕ್ಕೂ ತಾಳೆ ಮಾಡಿಸುತ್ತಾರೆ. ಒಂದು ದಿನ ಫೋನು ಮಾಡಿದರು.

“ಸರೋಜಾ, ಸಂಪಗಾಂವದ ಹೆಣಮಗಳು ಬಾಗಲದ ಮಾತ ಎಲ್ಲಿ ಆಡ್ಯಾಳ?”

“ಬರದೇನಲ್ರಿ ಸರ್, ನಿಮಿಷ ಸುದ್ಧಾ ಹಾಕೇನಿ.”

“ಹಾಕೀದಿ. ಆ ನಿಮಿಷದಾಗ ಆಕಿ ಮಗಳ ಪರೀಕ್ಷಾದ ಸುದ್ದಿ ಹೇಳಾಕತ್ತಾಳ. ಇನ್ನೂ ಎರಡರಾಗ ಹಿಂಗ ಆಗೇತಿ. ತಪ್ಪಿ ಎಲ್ಲಿಂದರ ನಕಲ ಆಗಿ ಕುಂತೈತೇನು ನೋಡು.”

ನೋಡಿದೆ. ಅಂದರೆ, ಹೆಡ್‌ಫೋನು ಹಾಕಿ ಆ ನಿಮಿಷ ಕೇಳಿದೆ. ‘ಬಾಗಲಾ ಹಾಕಲೇನ್ರಿ ಅಂತ ಕೇಳತಾವ್ರಿ’ ಎಂದು ಆ ಹೆಣ್ಣುಮಗಳು ಸ್ಪಷ್ಟವಾಗಿ ಹೇಳಿದಳು. ಮತ್ತೆ ಹಿಂದಕ್ಕೆ ತಂದು ಕೇಳಿದೆ. ಮತ್ತೆ ಹೇಳಿದಳು. ಸರ್ ಅವರದೇ ತಪ್ಪೆಂದು ಸಮಾಧಾನವಾಯಿತು. ಸಾಕ್ಷಿ ಇರಲಿ ಎಂದು ಅಡುಗೆಮನೆಯಿಂದ ವೈನಿಯನ್ನು ಕರೆದು ಅವರ ಕಿವಿಗೆ ಹಾಕಿದೆ. ವೈನಿ ಕೈಯಲ್ಲಿ ಮೆಂತ್ಯೆಸೊಪ್ಪಿನ ಕಟ್ಟು ಹಿಡಿದೇ ಕೇಳಿದರು.

“ಪಾಪ, ಮಗಳ ಪರೀಕ್ಷಾದ್ದ ಚಿಂತಿ ಆಗೇತಿ ಆಕಿಗೆ.”

“ಬಾಗಲಾ?”

“ಯಾವ ಬಾಗಲಾ?”

“ಈಗ ಅಂದಳಲ್ರಿ.”

ವೈನಿ ನನ್ನ ಮುಖ ನೋಡಿದರು. ಹೆಡ್‌ಫೋನು ತೆಗೆದು, ಸುಡುವ ತವೆಯನ್ನು ಇಡುವ ಹಾಗೆ ಮೇಜಿನ ಮೇಲಿಟ್ಟರು. ಮದುವೆಯಾಗಿ ಈ ಮನೆಗೆ ಬಂದಾಗಿನಿಂದ ನನ್ನನ್ನು ಒಂದಿಲ್ಲೊಂದಕ್ಕೆ ಕಿಚಾಯಿಸಿದವರು ಮೆಂತ್ಯೆಸೊಪ್ಪಿನ ಕಟ್ಟನ್ನೂ ಅದರ ಪಕ್ಕಕ್ಕಿಟ್ಟು ಕೈ ಒರೆಸಿಕೊಂಡರು.

“ನಡಿ, ಡಾಕ್ಟರ ಕಡೆ ಹೋಗೂಣು.”

“ವೈನಿ, ಮಂದಿನ್ನ ಡಾಕ್ಟರ ಕಡೆ ಕಳಸಾಕಿ ನಾನು.”

“ಹಂಗಾರ ದಾರಿ ಗೊತ್ತೈತಿ. ನಡಿ.”

ನನಗೆ ಆಗ ಬಂದ ಭಯ ಹುಚ್ಚಿನದಲ್ಲ ಎಂದರೆ ನಂಬಬೇಕು. ಕೇಳುವುದೇ ನನ್ನ ಕಸುಬು. ಮೂರು ಬರಹದಲ್ಲಿ ನಾನು ಸೇರಿಸಿದ್ದು ಯಂತ್ರ ಇತ್ತೆಂದು ಸಿಕ್ಕಿಬಿತ್ತು. ಆ ಸಣ್ಣ ಕೋಣೆಯಲ್ಲಿ ಯಂತ್ರ ಇರಲಿಲ್ಲ. ಅಲ್ಲಿ ಎಷ್ಟು ಜನರ ಬಾಯಲ್ಲಿ ಅವರು ಆಡದ ಮಾತನ್ನು ಇಟ್ಟೆನೋ, ಆ ಮಾತಿಗೆ ಸಮಾಧಾನ ಹೇಳಿ ಕಳಿಸಿದೆನೋ. ಮತ್ತೆ ಯಾರ ಎದುರಾದರೂ ಕೂತು ಕೇಳಲು ನನಗೆ ಅರ್ಹತೆ ಉಳಿದಿದೆಯೆ ಎಂಬುದೊಂದೇ ಉಳಿಯಿತು. ಮರುದಿನವೇ ಆ ಕೋಣೆಗೆ ಬೀಗ ಹಾಕಿದೆ. ಕಾಲೇಜಿಗೂ ರಜೆ ಬರೆದೆ.

ಅಣ್ಣ ಎರಡು ಮಾತು ಹೇಳಿದ. ಒಂದು, “ಏನ ಬೇಕೋ ಮಾಡೂಣು.” ಇನ್ನೊಂದು, “ಓಣ್ಯಾಗ ಗೊತ್ತಾಗೂದ ಬ್ಯಾಡ.” ಬೈಲಹೊಂಗಲದ ಆಸ್ಪತ್ರೆಗೆ ನಾನೇ ಎಷ್ಟೋ ಜನರನ್ನು ಕಳಿಸಿದ್ದೆ, ಅಲ್ಲಿಯ ಬೆಂಚುಗಳಿಗೂ ನನ್ನ ಗುರುತಿತ್ತು. ಹಾಗಾಗಿ ಸವದತ್ತಿ ಎಂದಾಯಿತು. ಮನೋವೈದ್ಯರು ಅಲ್ಲಿಗೆ ಬರುವುದು ಮಂಗಳವಾರ. ಮಂಗಳವಾರ ಸವದತ್ತಿಯ ಬಸ್ಸು ಹತ್ತಿದವರನ್ನು ಎಲ್ಲಿಗೆಂದು ಯಾರೂ ಕೇಳುವುದಿಲ್ಲ, ಅದು ಗುಡ್ಡದ ಎಲ್ಲಮ್ಮನ ವಾರ. ಕಂಡಕ್ಟರೇ “ಗುಡ್ಡಕ್ಕೇನ್ರಿ?” ಅಂದ. ವೈನಿ ನನ್ನ ತೊಡೆ ಚಿವುಟಿ “ಹೂಂನಪಾ” ಅಂದರು. ಬರುವಾಗ ಬಸ್‌ಸ್ಟ್ಯಾಂಡಿನಲ್ಲಿ ಎಲ್ಲಮ್ಮನ ಅರಿಸಿನದ, ಅಂದರೆ ಭಂಡಾರದ, ಪುಡಿಕೆ ಕೊಂಡು, ಓಣಿಯಲ್ಲಿ ಮನೆಮನೆಗೆ ಹೋಗಿ ಹಣೆಗೆ ಹಚ್ಚಿದರು. ಹೀಗೆ ತಿಂಗಳುಗಟ್ಟಲೆ ನಡೆಯಿತು. ಸರೋಜಾಗೆ ಇತ್ತಿತ್ತಲಾಗೆ ಭಕ್ತಿ ಹೆಚ್ಚಾಗಿದೆ ಎಂದು ಓಣಿಯಲ್ಲಿ ಒಳ್ಳೆಯ ಹೆಸರು ಬಂತು.

“ವೈನಿ, ತಾಯಿ ಹೆಸರಲೆ ಸುಳ್ಳ ಹೇಳಾಕತ್ತೇವಲ್ರಿ.”

“ನೀ ಸುಮ್ಮನಿರು. ಗುಡ್ಡಕ್ಕ ಬಂದಾವ್ರ ತಲಿ ಎಂಥೆಂಥಾವು ನೋಡ್ಯಾಳ ಆಕಿ. ನಿಂದೇನ ದೊಡ್ಡದು?”

ಮೊದಲ ಮಂಗಳವಾರ ಆಸ್ಪತ್ರೆಯ ಬೆಂಚಿನ ತುದಿಗೆ ಕೂತು, ಸೆರಗಿನಿಂದ ಅರ್ಧ ಮುಖ ಮುಚ್ಚಿಕೊಂಡಿದ್ದೆ. ಪಕ್ಕದಲ್ಲಿದ್ದ ಹಿರಿಯರು ಟೋಪಿ ತೆಗೆದು, ಬಗ್ಗಿ, ನನ್ನ ಮುಖವನ್ನೇ ನೋಡಿದರು. ರಾಮದುರ್ಗದ ಕಡೆಯ ಜವಳಿ ಅಂಗಡಿಯವರು. ತಮ್ಮ ತೀರಿಹೋದ ಮೇಲೆ ನಿದ್ದೆ ಬರುತ್ತಿಲ್ಲವೆಂದು ನನ್ನ ಕೋಣೆಗೆ ನಾಲ್ಕು ಸಲ ಬಂದಿದ್ದರು. ಡಾಕ್ಟರನ್ನು ನೋಡಿ ಎಂದು ಅವರಿಗೆ ಹೇಳಿದವಳು ನಾನೇ.

“ಅಕ್ಕಾರ! ಯಾರನ್ನರ ಕರಕೊಂಡು ಬಂದೀರೇನ್ರಿ?”

ಹೂಂ ಅನ್ನಬಹುದಿತ್ತು. “ಇಲ್ರಿ, ನನಗ,” ಎಂದೆ.

ಅವರು ಬೆಂಚಿನ ಮೇಲೆ ಸರಿದು ಜಾಗ ಮಾಡಿ, “ಹಂಗಾರ ಸರಿಯಾಗಿ ಕುಂದರ್ರಿ, ತುದಿಗಿ ಯಾಕ? ಪಾಳಿ ಮಾತ್ರ ನಂದ ಮೊದಲ ಐತಿ, ಅಕ್ಕಾರ ಅಂತ ಬಿಟ್ಟಕೊಡೂದಿಲ್ಲ ನೋಡ್ರಿ,” ಎಂದರು. ಆಚೆಯ ಇಬ್ಬರು ನಕ್ಕರು. “ರಾಮದುರ್ಗದಾಗ ಡಾಕ್ಟರ ಇಲ್ಲೇನ್ರಿ?” ಎಂದು ವೈನಿ ಕೇಳಿದರು. “ಅದಾರ್ರಿ. ಅಲ್ಲಿ ಕಂಡ್ರ ಅಂಗಡಿ ಗಿರಾಕಿ ಏನಂದಾರು? ಈ ಬೆಂಚಿನ ಮ್ಯಾಲೆ ಸವದತ್ತಿಯವ್ರು ಒಬ್ಬರೂ ಇಲ್ಲ. ಅವ್ರೆಲ್ಲಾ ನಿಮ್ಮೂರಿಗೆ ಹ್ವಾಗ್ಯಾರು.”

ಅಷ್ಟು ತಿಂಗಳಲ್ಲಿ ನನಗೆ ಸಿಕ್ಕ ದೊಡ್ಡ ಔಷಧ ಆ ಒಂದು ಗೇಣು ಜಾಗ ಎಂದು ಬರೆದು ನಿಲ್ಲಿಸಲು ಮನಸ್ಸಾಗುತ್ತದೆ. ಹಾಗಲ್ಲ. ಗುಳಿಗೆಯೇ ದೊಡ್ಡ ಔಷಧ. ಆದರೆ ಗುಳಿಗೆಯ ಬಾಗಿಲಿನ ತನಕ ಆ ಜಾಗದ ಮೇಲೆ ಕೂತೇ ಹೋಗಬೇಕಿತ್ತು.

ಡಾಕ್ಟರು ನನಗಿಂತ ಚಿಕ್ಕವರು. ನಿದ್ದೆ, ಊಟ, ಸಾಯುವ ವಿಚಾರ, ಎಲ್ಲ ಕೇಳಿದರು. ಮುಂದಿನ ಪ್ರಶ್ನೆ ಯಾವುದೆಂದು ನನಗೆ ಗೊತ್ತಿತ್ತು.

“ದನಿ ಕೇಳತಾವೇನ್ರಿ?”

“ಕೇಳತೈತ್ರಿ.”

“ಏನ್ ಕೇಳತೈತಿ?”

“ಬಾಗಲಾ ಹಾಕಲೇನ್ರಿ, ಅಂತ.”

ಅವರು ಪೆನ್ನು ಕೆಳಗಿಟ್ಟರು. ಅಥವಾ ಇಡಲಿಲ್ಲ. ಎದುರಿನವರು ಮುಖ್ಯವಾದದ್ದೇನೋ ಹೇಳಿದಾಗ ಪೆನ್ನು ಕೆಳಗಿಡುವುದು ನನ್ನ ಅಭ್ಯಾಸ, ಅದನ್ನು ಅವರಿಗೆ ಹಚ್ಚಿರಬಹುದು. ರೋಗಕ್ಕೊಂದು ಹೆಸರು ಹೇಳಿದರು. ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಬರೆದರೆ ಓದುವವರು ಉಳಿದದ್ದನ್ನೆಲ್ಲ ಅದರೊಳಗೆ ತುಂಬಿ ಮುಚ್ಚಿಬಿಡುತ್ತಾರೆ. ಕಾರಣ ಏನಿರಬಹುದೆಂದು ಕೇಳಿದೆ.

“ಆಮ್ಯಾಗ ನೋಡೂಣ್ರಿ. ನೀವು ಸಂಶೋಧನಾ ಮಾಡಾವ್ರು, ಕಾರಣ ಇಲ್ಲದ ನಿಮಗ ಕೂಡಾಕ ಆಗೂದಿಲ್ಲ. ಸದ್ಯಕ್ಕ ಗುಳಿಗಿ ನುಂಗ್ರಿ.”

ನುಂಗಿದೆ. ಬಾಯಿ ಒಣಗಿತು, ಕೈ ನಡುಗಿತು, ಹಗಲೆಲ್ಲ ಕುರಿಯ ಹಾಗೆ ತೂಕಡಿಸಿದೆ. ದನಿ ಒಮ್ಮೆಗೇ ಹೋಗಲಿಲ್ಲ, ದೂರ ಸರಿಯಿತು. ಹಿಂದೆ ನಿಂತು ಕೇಳುತ್ತಿದ್ದದ್ದು ಪಡಸಾಲೆಯಿಂದ ಕೇಳತೊಡಗಿತು, ಆಮೇಲೆ ಅಂಗಳದಿಂದ. ಕಡೆಕಡೆಗೆ ಓಣಿಯಲ್ಲಿ ಹೋಗುವವರ ಮಾತಿನ ನಡುವೆ, ಬೇರೆ ಯಾರಿಗೋ ಕೇಳಿದ ಹಾಗೆ. ಒಂದು ಮಧ್ಯಾಹ್ನ ಓದುತ್ತ ತಲೆ ಎತ್ತಿದಾಗ ಮುಂಬಾಗಿಲು ಹಾಕಿತ್ತು, ಒಳಗಿನಿಂದ ಅಗಳಿಯೂ ಬಿದ್ದಿತ್ತು. ಮನೆಯಲ್ಲಿ ನಾನೊಬ್ಬಳೇ. ಹಾಕಿದವಳು ನಾನೇ ಇರಬೇಕು, ಯಾವಾಗ ಹಾಕಿದೆನೋ ತಿಳಿಯಲಿಲ್ಲ. ಬಾಗಿಲು ಕಾಯುವುದನ್ನು ಮರೆತಿದ್ದೀರಿ, ಗುಣವಾಗುವುದೆಂದರೆ ಇದೇ ಎಂದು ಡಾಕ್ಟರು ಖುಷಿಪಟ್ಟರು. ನಾನೂ ಪಟ್ಟೆ. ಆ ಅಗಳಿಯನ್ನು ತೆಗೆಯುವ ಮೊದಲು ಬಹಳ ಹೊತ್ತು ನಿಂತಿದ್ದೆ ಎಂಬುದನ್ನು ಅವರಿಗೆ ಹೇಳಲಿಲ್ಲ.

ವರ್ಷದ ಮೇಲಾಯಿತು. ಸಂಪಗಾಂವದ್ದೂ ಸೇರಿ ಆ ಮೂರು ಸಂದರ್ಶನಗಳನ್ನು ಮತ್ತೆ ಕೇಳಿದೆ. ಬಾಗಿಲಿನ ಮಾತು ಎಲ್ಲೂ ಇರಲಿಲ್ಲ, ಮಗಳ ಪರೀಕ್ಷೆ ಇತ್ತು. ಕೋಣೆಯ ಬೀಗ ತೆಗೆಯಬಹುದು ಎಂದು ಡಾಕ್ಟರು ಹೇಳಿದರು. ಸರ್ ಮೂರು ಸಂದರ್ಶನಗಳನ್ನೂ ಕೈಬಿಡಿಸಿ, ಗಂಗವ್ವನದನ್ನು ಮಾತ್ರ ಇಡು, ಗಿರಣಿಯ ಸದ್ದಿನಿಂದ ಪೂರ್ತಿ ಕೇಳಿಸಿಲ್ಲ ಎಂದು ಟಿಪ್ಪಣಿ ಹಾಕು ಎಂದರು. ಕೇಳುವುದು ಎಂಬ ಪದದ ಮೇಲೆ ನಾನು ಬರೆದ ಇಡೀ ಅಧ್ಯಾಯ ಆಕೆಯ ಆ ಒಂದು ಉತ್ತರದ ಮೇಲೆ ನಿಂತಿತ್ತು. ಅದೊಂದು ನಿಜವಾದರೆ ನನ್ನ ಕಿವಿ ರೋಗಕ್ಕೆ ಮೊದಲು ಸರಿಯಿತ್ತು ಎಂದಾದರೂ ಆಗುತ್ತದೆ. ಆಕೆಯನ್ನೇ ಕೇಳಿಬಿಡೋಣವೆಂದು ಹೊರಟೆ. ವೈನಿ ಜೊತೆಗೆ ಬಂದರು.

ಈ ಸಲ ಗಂಗವ್ವ ಕಟ್ಟೆಯ ಮೇಲೇ ಕೂತಿದ್ದಳು. ವೈನಿ ಸಾಕ್ಷಿ.

“ಬರ್ರಿ ಅಕ್ಕಾರ. ಸ್ವಲ್ಪ ಮೈಕೈ ತುಂಬ್ಯಾವ ನೋಡ್ರಿ, ಚಲೋ ಆತು. ಆವಾಗ ಗಾಳಿಗಿ ಹಾರಿ ಹೋಗೂ ಹಂಗ ಇದ್ರಿ.”

ಚಹಾ ಆಯಿತು. ಆಮೇಲೆ ಕೇಳಿದೆ: ಹಿಂದಿನ ಸಲ ಬಾಗಿಲಿನ ಮಾತು ಹೇಳಿದ್ದಿರಿ, ನೆನಪಿದೆಯೆ?

“ಬಾಗಲದ್ದ ನಾ ಎಲ್ಲಿ ಹೇಳೇನ್ರಿ? ನೀವ ಅಂದ್ರಿ.”

“ನಾನೇನಂದೆ?”

“ಗಿರಣಿ ಚಾಲೂ ಆತು. ಏನೂ ಕೇಳವಲ್ದು ಅಂತ ನೀವು ಎದ್ದ ನಿಂತು, ‘ಬಾಗಲಾ ಹಾಕಲೇನ್ರಿ?’ ಅಂದ್ರಿ. ಬ್ಯಾಡ್ರಿ, ಹೊಗಿ ತುಂಬತೈತಿ ಅಂದೆ. ಕುಂತ್ರಿ.”

ಇಷ್ಟು ಸರಳ. ಗಿರಣಿಯ ಸದ್ದಿಗೆ ಯಾರಾದರೂ ಕೇಳುವ ಮಾತು. ನಾನು ನಕ್ಕೆ, ವೈನಿಯೂ ನಕ್ಕರು. ಗಂಗವ್ವ ನಗಲಿಲ್ಲ.

“ನೀವು ಹ್ವಾದ ಮ್ಯಾಲೆ ಅದು ಆಗಾಗ ಕೇಳತೈತ್ರಿ. ನಿಮ್ಮಂಗ. ‘ಹಾಕಲೇನ್ರಿ?’ ಅಂತ. ಈ ಊರಾಗ ನನಗ ರೀ ಹಚ್ಚಿ ಮಾತಾಡ್ಸಾವ್ರು ಯಾರದಾರವಾ? ಅದಕ್ಕ ಮೊದಲ ಸಲ ಹೊಳ್ಳಿ ನೋಡಿದೆ, ಅಕ್ಕಾರ ಬಂದ್ರು ಅಂತ.”

ವೈನಿ ಚಹಾದ ಬಟ್ಟಲನ್ನು ನೆಲಕ್ಕಿಟ್ಟದ್ದು ನನಗೆ ಕೇಳಿಸಿತು.

ಒಂದು ಎಳೆ ಉಳಿದಿತ್ತು, ಅದನ್ನು ಹಿಡಿದೆ. ಗಿರಣಿ ಶುರುವಾಗುವುದಕ್ಕಿಂತ ಮೊದಲೇ, ದನಿ ಕೇಳತಾವೇನ್ರಿ ಅಂದಾಗ ಆಕೆ ‘ಕೇಳತಾವ್ರಿ’ ಅಂದದ್ದು ಧ್ವನಿಮುದ್ರಣದಲ್ಲಿದೆ. ಅಂದರೆ ನಾನು ಎದ್ದು ನಿಲ್ಲುವ ಮೊದಲೇ ಆಕೆಗೆ ಏನೋ ಕೇಳುತ್ತಿತ್ತು. “ಆವಾಗ ಏನ್ ಕೇಳತಿದ್ವು?”

ಗಂಗವ್ವ ಬಹಳ ವಿಚಾರ ಮಾಡಿದಳು. “ಏನೋ ಕೇಳತಿದ್ವು ಬಿಡ್ರಿ. ನೆನಪಾಗವಲ್ದು. ಈಗ ಇದೊಂದ.”

ಮಂಗಳವಾರ ಸವದತ್ತಿಗೆ ಬನ್ನಿ, ಬೆಂಚಿನ ಮೇಲೆ ನಾನೂ ಜೊತೆಗಿರುತ್ತೇನೆ, ನನಗೂ ಹೀಗೇ ಇತ್ತು, ಗುಣವಾಯಿತು ಎಂದೆ. ಆಕೆ ಕೈ ಬೀಸಿದಳು.

“ಯಾಕ್ರಿ? ಕೇಳಿದ್ರ ಕೇಳಲಿ. ಈ ಮನ್ಯಾಗ ನನ್ನ ಒಂದ ಮಾತ ಕೇಳಿ ಯಾರು ಏನ ಮಾಡ್ತಾರ? ಅದೊಂದರ ಕೇಳತೈತಿ.”

ಸರ್‌ಗೆ ಎಲ್ಲ ಹೇಳಿ ಆ ಅಧ್ಯಾಯವನ್ನು ತೆಗೆದೆ. ಅವರು ತಡೆಯಲಿಲ್ಲ. ಎರಡು ಸಲ ಮತ್ತೆ ಗಂಗವ್ವನ ಊರಿಗೆ ಹೋಗಿ ಕರೆದೆ, ಆಕೆ ಬರಲಿಲ್ಲ. ಊರಿನ ಆಶಾ ಕಾರ್ಯಕರ್ತೆಗೆ ಆಗಾಗ ನೋಡುತ್ತಿರಲು ಹೇಳಿ ಬಂದಿದ್ದೇನೆ. ವೈನಿ ಈಗ ಬಾಗಿಲು ಹಾಕುವಾಗ ಯಾರನ್ನೂ ಕೇಳುವುದಿಲ್ಲ, ಎದ್ದು ಹೋಗಿ ಹಾಕಿ ಬರುತ್ತಾರೆ. ನಾನು ಸಣ್ಣ ಕೋಣೆಗೆ ಹೋಗುತ್ತಿದ್ದೇನೆ. ಎದುರಿನವರು ಏನು ಹೇಳಿದರೂ ಅದನ್ನು ಅವರಿಗೇ ತಿರುಗಿ ಹೇಳಿ, ನೀವಂದದ್ದು ಇದೇ ಹೌದಲ್ಲ ಎಂದು ಖಾತ್ರಿ ಮಾಡಿಕೊಳ್ಳುತ್ತೇನೆ. “ಎಷ್ಟ ಸಲ ಹೇಳಸ್ತೀರಿ ಅಕ್ಕಾರ?” ಎಂದು ಬೇಸರಪಡುತ್ತಾರೆ. ಪಡಲಿ. ಅದು ನನ್ನ ಗುಳಿಗೆಯ ಇನ್ನೊಂದು ಭಾಗ. ನಿಮ್ಮಲ್ಲಿ ಯಾರಿಗಾದರೂ ಇಂಥದ್ದು ಇದ್ದರೆ, ಬೇರೆ ಊರಿನ ಬೆಂಚಾದರೂ ಸರಿ, ಹೋಗಿ ಕೂತುಕೊಳ್ಳಿ. ಜಾಗ ಇರುತ್ತದೆ.

ಗಂಗವ್ವನಿಗೆ ಆ ಮಾತನ್ನು ನಾನು ಕೊಟ್ಟೆನೋ, ಆಕೆಯಿಂದ ನಾನು ತಂದೆನೋ, ನನಗೆ ಗೊತ್ತಿಲ್ಲ. ನಾನು ಹೋಗುವ ಮೊದಲು ಆಕೆಗೆ ಏನು ಕೇಳುತ್ತಿತ್ತು, ಅದು ಆಕೆಗೆ ಬೇಕಾದವರ ದನಿಯಾಗಿತ್ತೋ ಏನೋ, ಅದೂ ಗೊತ್ತಿಲ್ಲ. ಈಗ ಅದು ಆಕೆಗೂ ಗೊತ್ತಿಲ್ಲ.